ಅಂಗಾಲು

2015ರ ಬೇಸಿಗೆಯಲ್ಲಿ ಬಂದ ನನ್ನ ಎಂಕ್ಯಾಟ್ ಅಂಕ 485. ಅಮೆರಿಕದಲ್ಲಿ ವೈದ್ಯಕೀಯ ಓದಬೇಕೆನ್ನುವವರು ನಾಲ್ಕು ವರ್ಷದ ಡಿಗ್ರಿಯ ಜೊತೆಗೆ ಬರೆಯಬೇಕಾದ ಪರೀಕ್ಷೆ ಅದು. ಆ ವರ್ಷವೇ ಅದರ ಸ್ವರೂಪ ಬದಲಾಗಿ ಅಂಕದ ಲೆಕ್ಕವೂ ಹೊಸದಾಗಿತ್ತು. ಅತಿ ಕಡಿಮೆ 472, ಅತಿ ಹೆಚ್ಚು 528, ನಟ್ಟನಡುವೆ 500. ನಾಲ್ಕು ಭಾಗಗಳು, ಒಂದೊಂದಕ್ಕೂ 118ರಿಂದ 132. ಇಂಗ್ಲಿಷ್ ಗದ್ಯ ಓದಿ ಅದರ ಒಳಾರ್ಥ ಹಿಡಿದು ಉತ್ತರಿಸುವ ಭಾಗವೊಂದಿದೆ, 90 ನಿಮಿಷಕ್ಕೆ 53 ಪ್ರಶ್ನೆ. ಅದರಲ್ಲಿ ನನಗೆ ಬಂದದ್ದು 119. ತೀರಾ ತಳಕ್ಕಿಂತ ಒಂದೇ ಒಂದು ಅಂಕ ಮೇಲೆ. ಇಲ್ಲಿನ ವೈದ್ಯ ಪದವಿಯಾದ ಎಂ.ಡಿ.ಯ ಕಾಲೇಜುಗಳಿಗೆ ಸೇರುತ್ತಿದ್ದವರ ಸರಾಸರಿ 510ರ ಆಸುಪಾಸಿನಲ್ಲಿತ್ತು.

ಡಿಗ್ರಿಯ ಅಂಕವೂ ಕೈ ಹಿಡಿಯುವಂತಿರಲಿಲ್ಲ. ಇಲ್ಲಿ ನಾಲ್ಕಕ್ಕೆ ಇಷ್ಟು ಎಂದು ಲೆಕ್ಕ. ನನ್ನದು 2.71. ವಿಜ್ಞಾನದ ವಿಷಯಗಳನ್ನಷ್ಟೇ ತೆಗೆದುಕೊಂಡರೆ 2.4. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ 'ಡಿ'. ಈ ಸಂಖ್ಯೆಗಳನ್ನು ಎಷ್ಟೋ ವರ್ಷ ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಇಂಥದೇ ಸಂಖ್ಯೆ ಹಿಡಿದುಕೊಂಡು ನನಗೆ ಫೋನ್ ಮಾಡುವ ಹುಡುಗ ಹುಡುಗಿಯರು ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಇರುತ್ತಾರೆ. ಪಾದದ ವೈದ್ಯಕೀಯವನ್ನು ಇಲ್ಲಿ ಪೊಡಯಾಟ್ರಿ ಎನ್ನುತ್ತಾರೆ. ಅವರೆಲ್ಲ ಕೇಳುವುದು ಒಂದೇ: "ಇಷ್ಟು ಅಂಕಕ್ಕೆ ಪೊಡಯಾಟ್ರಿ ಸೀಟು ಸಿಗುತ್ತಾ ಅಕ್ಕ?"

ಸಿಗಬಹುದು. ನನಗೆ ಸಿಕ್ಕಿತು. ಆದರೆ ಮೊದಲ ಸಲ ಸಿಗಲಿಲ್ಲ, ಮತ್ತು ಸಿಗದೇ ಹೋದದ್ದು ನ್ಯಾಯವಾಗಿಯೇ ಇತ್ತು. ಹೇಳಬೇಕಾದ ಕತೆ ಅಲ್ಲಿದೆ.

ಹತ್ತನೆಯ ತರಗತಿಯವರೆಗೆ ನಾನು ಓದಿದ್ದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಪಿಯುಸಿ ಹಾಸನದಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಅಪ್ಪನ ಅಕ್ಕ, ನಮ್ಮ ಅತ್ತೆ, ಮದುವೆಯಾಗಿ ಶಿಕಾಗೋ ಸೇರಿದ್ದರು. ತಮ್ಮನ ಸಂಸಾರವನ್ನು ಕರೆಸಿಕೊಳ್ಳಲು ಅವರು 1997ರಲ್ಲಿ ಹಾಕಿದ ಅರ್ಜಿ 11 ವರ್ಷ ಸರದಿಯಲ್ಲಿ ಕಾದು 2008ರಲ್ಲಿ ಫಲ ಕೊಟ್ಟಿತು. ನಾವು ಬಂದಿಳಿದ ವರ್ಷವೇ ಇಲ್ಲಿ ಬ್ಯಾಂಕುಗಳು ಮುಳುಗಿ, ಇದ್ದವರ ಕೆಲಸವೇ ಹೋಗುತ್ತಿತ್ತು. ಊರಿನಲ್ಲಿ ಹೈಸ್ಕೂಲು ಮೇಷ್ಟರಾಗಿದ್ದ ಅಪ್ಪ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟಲು ನಿಂತರು. ಅಮ್ಮ ಇಂಡಿಯನ್ ಅಂಗಡಿಯೊಂದರ ಅಡುಗೆಮನೆಯಲ್ಲಿ ದಿನಕ್ಕೆ ನೂರಾರು ಚಪಾತಿ ಲಟ್ಟಿಸಿದರು. ನಾನು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಗಲ್ಲಾಪೆಟ್ಟಿಗೆ ನೋಡಿಕೊಂಡೆ. ಎಂಟು ಗಂಟೆಗೆ ಕೆಮಿಸ್ಟ್ರಿ ತರಗತಿ.

ಅಂಕ ಬಿದ್ದದ್ದಕ್ಕೆ ರಾತ್ರಿ ಪಾಳಿಯೊಂದೇ ಕಾರಣ ಎಂದು ಬಹಳ ದಿನ ನಂಬಿದ್ದೆ. ಅದು ಅರ್ಧ ಸತ್ಯ. ಇಲ್ಲಿ ಪ್ರತಿ ಪ್ರೊಫೆಸರೂ ವಾರದಲ್ಲಿ ಇಷ್ಟು ಗಂಟೆ ಎಂದು ವಿದ್ಯಾರ್ಥಿಗಳಿಗಾಗಿ ಬಾಗಿಲು ತೆರೆದಿಟ್ಟು ಕೂತಿರುತ್ತಾರೆ. ನಾಲ್ಕು ವರ್ಷದಲ್ಲಿ ನಾನು ಆ ಬಾಗಿಲು ದಾಟಿದ್ದು ಎರಡೇ ಸಲ. ನನ್ನ ಇಂಗ್ಲಿಷ್ ಕೇಳಿ ಏನಂದುಕೊಂಡಾರು ಎಂಬ ಸಂಕೋಚ. ಊರಿನಲ್ಲಿ ತರಗತಿಗೇ ಮೊದಲಿಗಳಾಗಿದ್ದವಳು ಇಲ್ಲಿ ಅರ್ಥವಾಗಲಿಲ್ಲ ಎಂದು ಹೇಗೆ ಹೇಳುವುದು? ಅರ್ಥವಾದಂತೆ ತಲೆಯಾಡಿಸಿ ಹಿಂದಿನ ಬೆಂಚಿನಿಂದ ಎದ್ದು ಹೋಗುತ್ತಿದ್ದೆ. ಆ 'ಡಿ'ಯಲ್ಲಿ ನಿದ್ದೆಗೇಡಿನ ಪಾಲು ಎಷ್ಟೋ ಈ ಸಂಕೋಚದ ಪಾಲೂ ಅಷ್ಟೇ ಇತ್ತು.

485 ಹಿಡಿದುಕೊಂಡೇ ಆ ವರ್ಷ 22 ಕಾಲೇಜುಗಳಿಗೆ ಅರ್ಜಿ ಹಾಕಿದೆ. ಎಂ.ಡಿ. ಕೆಲವು, ಅದಕ್ಕೆ ಸಮನಾದ ಡಿ.ಓ. ಕೆಲವು. ಒಂದೊಂದು ಅರ್ಜಿಗೂ ಪ್ರತ್ಯೇಕ ಶುಲ್ಕ. ಎಲ್ಲ ಕಡೆಯಿಂದಲೂ 'ಇಲ್ಲ' ಬಂತು, ಇಲ್ಲವೇ ಉತ್ತರವೇ ಬರಲಿಲ್ಲ. ಕನ್ನಡ ಕೂಟದ ಸಂಕ್ರಾಂತಿ ಊಟದ ಸಾಲಿನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಪಾಪ, ನನ್ನ ಮೇಲಿನ ಕಾಳಜಿಗೇ ಹೇಳಿದರು: "ಪೊಡಯಾಟ್ರಿಗೆ ಹಾಕಮ್ಮ. ಅಲ್ಲಿ ಕಡಿಮೆ ಅಂಕಕ್ಕೂ ಕೊಡ್ತಾರೆ. ಹೆಸರಿನ ಹಿಂದೆ ಡಾಕ್ಟರ್ ಅಂತೂ ಬರುತ್ತಲ್ಲ."

ಲೆಕ್ಕದಲ್ಲಿ ಅವರ ಮಾತು ತಪ್ಪಾಗಿರಲಿಲ್ಲ. ಎಂ.ಡಿ.ಗೆ ವರ್ಷಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕುತ್ತಿದ್ದರೆ ಪೊಡಯಾಟ್ರಿಗೆ ಹಾಕುತ್ತಿದ್ದವರು ಸಾವಿರದ ಆಸುಪಾಸು. ಆಗ ಇಡೀ ದೇಶಕ್ಕೆ ಒಂಬತ್ತೇ ಕಾಲೇಜು. ಈಗ ಟೆಕ್ಸಾಸಿನದೊಂದು, ಪೆನ್ಸಿಲ್ವೇನಿಯಾದಲ್ಲಿ ಇನ್ನೊಂದು ಸೇರಿ ಹನ್ನೊಂದಾಗಿವೆ. ಸೇರುವವರ ಎಂಕ್ಯಾಟ್ ಸರಾಸರಿ 500ಕ್ಕಿಂತ ಕೆಳಗೇ ಇರುತ್ತಿತ್ತು, ಡಿಗ್ರಿಯ ಅಂಕ 3.3ರ ಹತ್ತಿರ. ಇಷ್ಟನ್ನು ಮಾತ್ರ ನೋಡಿ ನಾನು ಜನವರಿ ಕೊನೆಯಲ್ಲಿ ಅರ್ಜಿ ಹಾಕಿದೆ. ಇದು ಎಂಥ ಓದು, ಮುಗಿಸಿದವರು ದಿನಾ ಏನು ಮಾಡುತ್ತಾರೆ ಎಂಬುದನ್ನು ಅರ್ಜಿ ಹಾಕಿದ ಮೇಲೆ ತಿಳಿದುಕೊಂಡೆ.

ಗೊತ್ತಿಲ್ಲದವರಿಗಾಗಿ ಇಲ್ಲೇ ಹೇಳಿಬಿಡುತ್ತೇನೆ. ಪೊಡಯಾಟ್ರಿ ಎಂದರೆ ಪಾದ ಮತ್ತು ಹರಡಿನ ವೈದ್ಯಕೀಯ. ಡಿಗ್ರಿಯ ಮೇಲೆ ನಾಲ್ಕು ವರ್ಷ ಓದಿ ಡಿ.ಪಿ.ಎಂ. ಪದವಿ, ಆಮೇಲೆ ಆಸ್ಪತ್ರೆಯಲ್ಲಿ ಮೂರು ವರ್ಷದ ರೆಸಿಡೆನ್ಸಿ. ಶಸ್ತ್ರಚಿಕಿತ್ಸೆಯೂ ಅದರಲ್ಲೇ ಸೇರಿದೆ. ಮೊದಲು ಇದಕ್ಕೆ ಕೈರೋಪಡಿ ಎಂಬ ಹೆಸರಿತ್ತು. 1911ರಲ್ಲಿ ನ್ಯೂಯಾರ್ಕಿನಲ್ಲಿ, 1912ರಲ್ಲಿ ಶಿಕಾಗೋದಲ್ಲಿ ಕಾಲೇಜುಗಳು ಶುರುವಾದವು. ಶಿಕಾಗೋದ್ದನ್ನು ಕಟ್ಟಿದವರು ವಿಲಿಯಂ ಶೋಲ್. ನಮ್ಮ ಕಡೆಯ ಅಂಗಡಿಗಳಲ್ಲೂ ಕಾಣುವ ಶೋಲ್ ಚಪ್ಪಲಿಯ ಹೆಸರು ಅವರದೇ.

ಮಾರ್ಚಿನಲ್ಲಿ ಒಂದು ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು. ನನ್ನನ್ನು ಬೇಡ ಎಂದ ಆ ಕಾಲೇಜಿನ ಹೆಸರೂ, ಮುಂದೆ ಬಾ ಎಂದ ಕಾಲೇಜಿನ ಹೆಸರೂ ಇಲ್ಲಿ ಬೇಡ. ಎದುರಿಗೆ ಕೂತಿದ್ದವರು ಕೇಳಿದರು: "ನಾಳೆ ಎಂ.ಡಿ. ಸೀಟು ಸಿಕ್ಕರೆ ಇದನ್ನು ಬಿಟ್ಟು ಹೋಗುತ್ತೀಯಾ?" ಇಲ್ಲ ಎಂದೆ. ಅದು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. "ಕಾಲಿನ ಹುಣ್ಣೊಂದನ್ನು ಹತ್ತಿರದಿಂದ ನೋಡಿದ್ದೀಯಾ?" ಸಕ್ಕರೆ ಕಾಯಿಲೆಯಿಂದ ನಮ್ಮ ತಾತನ ಕಾಲು ಕತ್ತರಿಸಿದ್ದರು ಎಂದು, ಬಾಯಿಪಾಠ ಮಾಡಿಕೊಂಡು ಹೋಗಿದ್ದ ನಾಲ್ಕು ವಾಕ್ಯ ಒಪ್ಪಿಸಿದೆ. ಅವರು ಮರ್ಯಾದೆಯಿಂದ ಕೇಳಿಸಿಕೊಂಡರು. ಮೂರು ವಾರದ ಮೇಲೆ ಪತ್ರ ಬಂತು, ಸೀಟಿಲ್ಲ ಎಂದು.

ಮೇ ತಿಂಗಳಲ್ಲಿ ಶಿಕಾಗೋದ ದಕ್ಷಿಣ ಭಾಗದ ಒಂದು ಪೊಡಯಾಟ್ರಿ ಕ್ಲಿನಿಕ್ಕಿನಲ್ಲಿ ಮೆಡಿಕಲ್ ಅಸಿಸ್ಟೆಂಟ್ ಕೆಲಸಕ್ಕೆ ಸೇರಿದೆ. ಮುಂದಿನ ಅರ್ಜಿಗೆ ಪೊಡಯಾಟ್ರಿಸ್ಟ್ ಒಬ್ಬರ ಶಿಫಾರಸು ಪತ್ರ ಬೇಕಿತ್ತು, ಮನೆಗೆ ಸಂಬಳ ಬೇಕಿತ್ತು. ಡಾಕ್ಟರ್ ಅರವತ್ತು ದಾಟಿದ ಕರಿಯ ಹೆಣ್ಣುಮಗಳು. ಅದೇ ಬೀದಿಗಳಲ್ಲಿ ಹುಟ್ಟಿ ಬೆಳೆದವರು. ಅವರ ರೋಗಿಗಳಲ್ಲಿ ಬಹುಪಾಲು ಅದೇ ಸಮುದಾಯದ ವಯಸ್ಸಾದವರು, ಬಹುಪಾಲು ಸಕ್ಕರೆ ಕಾಯಿಲೆಯವರು. ಆ ಕಾಯಿಲೆಗೆ ಕಾಲು ಕಳೆದುಕೊಳ್ಳುವವರು ಈ ದೇಶದಲ್ಲಿ ಬಿಳಿಯರಿಗಿಂತ ಕರಿಯರಲ್ಲೇ ಹೆಚ್ಚು ಎಂಬುದನ್ನು ನಾನು ಓದಿ ತಿಳಿಯುವ ಮೊದಲು ಆ ಕಾಯುವ ಕೋಣೆಯಲ್ಲಿ ಕಂಡೆ. ಕೂತವರಲ್ಲಿ ಎಷ್ಟು ಜನರ ಪ್ಯಾಂಟಿನ ಒಂದು ಕಾಲು ಮಡಚಿ ಪಿನ್ನು ಹಾಕಿರುತ್ತಿತ್ತು!

ನನ್ನ ಕೆಲಸ ಶುರುವಾಗುತ್ತಿದ್ದದ್ದು ಶೂ ಬಿಚ್ಚುವುದರಿಂದ. ಶೂ, ಆಮೇಲೆ ಕಾಲುಚೀಲ. ಚೀಲದ ಒಳಮೈಯನ್ನು ಬೆಳಕಿಗೆ ಹಿಡಿದು ಕೀವಿನ ಕರೆ ಇದೆಯೇ ನೋಡಬೇಕು. ಶೂ ಒಳಗೆ ಕೈ ಹಾಕಿ ತುದಿಯವರೆಗೆ ತಡವಬೇಕು. ಇದ್ಯಾಕೆ ಎಂದು ನನಗೆ ಎರಡನೆಯ ವಾರದವರೆಗೆ ತಿಳಿಯಲಿಲ್ಲ. ಆ ವಾರ ಒಬ್ಬ ಬಸ್ ಡ್ರೈವರರ ಶೂ ಒಳಗೆ ಕೈಗೆ ಏನೋ ಒರಟಾಗಿ ತಗುಲಿತು. ಹೊರಗೆ ತೆಗೆದರೆ ಮೊಮ್ಮಗನ ಆಟದ ಗಾಡಿಯ ಚಕ್ರ. ಬೆಳಗಿನಿಂದ ಅದರ ಮೇಲೇ ಕಾಲೂರಿ ಎಂಟು ಗಂಟೆ ಬಸ್ಸು ಓಡಿಸಿದ್ದರು. ಅಂಗಾಲಿನಲ್ಲಿ ಚಕ್ರದ ಅಚ್ಚು ಕೆಂಪಗೆ ಮೂಡಿತ್ತು. ಅವರಿಗೆ ಏನೂ ಗೊತ್ತಾಗಿರಲಿಲ್ಲ.

ಡಾಕ್ಟರ್ ನನ್ನ ಕೈಗೆ ನೈಲಾನ್ ಎಳೆಯಿರುವ ಪುಟ್ಟ ಕಡ್ಡಿ ಕೊಟ್ಟು ಪರೀಕ್ಷಿಸುವುದನ್ನು ಕಲಿಸಿದರು. ಎಳೆ ಬಾಗುವಷ್ಟು ಒತ್ತಿದರೆ ಸರಿಯಾಗಿ 10 ಗ್ರಾಂ ಒತ್ತಡ. ರೋಗಿಯನ್ನು ಕಣ್ಣು ಮುಚ್ಚಿಸಿ ಅಂಗಾಲಿನ ಒಂದೊಂದು ಜಾಗಕ್ಕೂ ಮುಟ್ಟಿಸಿ, ತಿಳಿಯಿತೇ ಎಂದು ಕೇಳಬೇಕು. ತಿಳಿಯದ ಜಾಗ ಅಪಾಯದ ಜಾಗ. ಆ ಡ್ರೈವರ್ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದರು. ನಾನು ಆಗಲೇ ಏಳು ಕಡೆ ಮುಟ್ಟಿಸಿ ಮುಗಿಸಿದ್ದೆ.

ಮನೆಯಲ್ಲಿ ಇದನ್ನು ಹೇಳುವಂತಿರಲಿಲ್ಲ. ಅತ್ತೆ ಒಮ್ಮೆ ಅಮ್ಮನ ಎದುರಿಗೇ ಅಂದರು, "ಮೇಷ್ಟ್ರ ಮಗಳು ಹೋಗಿ ಹೋಗಿ ಕಂಡೋರ ಕಾಲು ತೊಳೆಯೋದಾ?" ಅತ್ತೆ ಕೆಟ್ಟವರಲ್ಲ. ನಮ್ಮನ್ನು ಕರೆಸಿಕೊಂಡು ಎರಡು ವರ್ಷ ಅನ್ನ ಹಾಕಿದವರು. ಆ ಮಾತು ಅವರೊಬ್ಬರದೂ ಅಲ್ಲ. ಕಾಲು ಹಿಡಿಯುವುದು ಎಂದರೆ ನಮ್ಮ ಭಾಷೆಯಲ್ಲಿ ಗತಿಯಿಲ್ಲದೆ ಬೇಡುವುದು. ಚಪ್ಪಲಿ ಹೊಲಿದವರನ್ನು ಊರಾಚೆ ಇಟ್ಟ ಸಮಾಜ ನಮ್ಮದು. ಗುರುಗಳ ಪಾದವಾದರೆ ಪೂಜೆ, ಬೇರೆಯವರದಾದರೆ ಮೈಲಿಗೆ. ಹರಳಯ್ಯ ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕತೆಯನ್ನು ನಾನು ಅಪ್ಪನ ಬಾಯಲ್ಲೇ ಕೇಳಿ ಬೆಳೆದದ್ದು. ಅವತ್ತು ಅಪ್ಪ ಊಟದ ತಟ್ಟೆಯಿಂದ ತಲೆಯೆತ್ತಿ ಅಕ್ಕನಿಗೆ ಆ ಕತೆ ಹೇಳಬಹುದಿತ್ತು. ಹೇಳಲಿಲ್ಲ. ನನಗೂ ಎದುರು ಮಾತಾಡುವ ಧೈರ್ಯ ಬರಲಿಲ್ಲ.

ಆ ಚಳಿಗಾಲದಲ್ಲಿ ಮುಂದಿನ ಅರ್ಜಿಗೆಂದು ಪ್ರಬಂಧ ಬರೆದು ಡಾಕ್ಟರಿಗೆ ತೋರಿಸಿದೆ. ಯಾಕೆ ಈ ವೃತ್ತಿ ಎಂಬ ಪ್ರಬಂಧ. ಅದರಲ್ಲಿ ತಾತ ಇದ್ದರು, ತೆಂಗಿನ ತೋಟ ಇತ್ತು, ಸಂಜೆಯ ಬಿಸಿಲಿತ್ತು, ಕಳೆದುಹೋದ ಕಾಲಿತ್ತು. ಅವರು ಎರಡು ಸಲ ಓದಿದರು.

"ಯಾವ ಕಾಲು?"

"ಎಡಗಾಲು."

"ಗಾಯ ಆದದ್ದು ಎಲ್ಲಿ? ಹಿಮ್ಮಡಿಯೋ, ಬೆರಳೋ, ಅಂಗಾಲೋ?"

ಗೊತ್ತಿರಲಿಲ್ಲ.

"ಹೇಗಾಯಿತು? ಮೊದಲು ನೋಡಿದವರು ಯಾರು? ಗಾಯ ಕಂಡ ದಿನಕ್ಕೂ ಕತ್ತರಿಸಿದ ದಿನಕ್ಕೂ ನಡುವೆ ಎಷ್ಟು ದಿನ?"

ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಹಾಳೆ ವಾಪಸು ಕೊಟ್ಟು, "ಇದು ನಿನ್ನ ತಾತನ ಕಾಲಲ್ಲ. ಯಾರದೋ ಕಾಲು. ತಿಳಿದುಕೊಂಡು ಬಾ" ಎಂದರು. ಗದರಿಸಿ ಹೇಳಲಿಲ್ಲ. ಆದರೂ ಅವತ್ತು ಬಸ್ಸಿನಲ್ಲಿ ಕೂತು ಅತ್ತೆ. ತಾತನ ಕಾಲನ್ನು ಒಂದು ಸಂದರ್ಶನಕ್ಕೂ 23 ಅರ್ಜಿಗೂ ಬಳಸಿಕೊಂಡಿದ್ದೆ, ಅದಕ್ಕೇನಾಗಿತ್ತು ಎಂದು ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ.

ಶನಿವಾರ ರಾತ್ರಿ ಊರಿಗೆ ಫೋನ್ ಮಾಡಿದೆ. ಅಲ್ಲಿ ಭಾನುವಾರ ಬೆಳಿಗ್ಗೆ. ತಾತನ ಆರೈಕೆ ಮಾಡಿದ್ದು ದೊಡ್ಡಮ್ಮ. "ಅದ್ಯಾಕವ್ವ ಈಗ ಅದೆಲ್ಲ?" ಅಂದರು. ನಾನು ಬಿಡದೆ ಕೇಳಿದೆ. ಒಂದೂವರೆ ಗಂಟೆ ಮಾತಾಡಿದೆವು. ನಾನು ನೋಟುಪುಸ್ತಕದಲ್ಲಿ ದಿನದ ಲೆಕ್ಕ ಬರೆದುಕೊಳ್ಳುತ್ತ ಹೋದೆ.

2006ರ ಆಷಾಢ. ನಾನು ಹಾಸನದ ಹಾಸ್ಟೆಲಿಗೆ ಸೇರಿ ತಿಂಗಳಾಗಿತ್ತಷ್ಟೆ. ತಾತನಿಗೆ ಸಕ್ಕರೆ ಕಾಯಿಲೆ ಇದೆ ಎಂದು ತಿಳಿದು ಹತ್ತು ವರ್ಷ ಕಳೆದಿತ್ತು. ಕಾಲು ಜೋಮು ಹಿಡಿದಂತಿರುತ್ತದೆ ಎನ್ನುತ್ತಿದ್ದರಂತೆ, ವಯಸ್ಸಿಗೆ ಸಹಜ ಎಂದು ಎಲ್ಲರೂ ಸುಮ್ಮನಾಗಿದ್ದರು. ದಿನಾ ತೋಟಕ್ಕೆ ಹೋಗಿ ಬರುತ್ತಿದ್ದರು. ಒಂದು ದಿನ ದೊಡ್ಡಮ್ಮ ಹಾಸಿಗೆ ಮಡಚುವಾಗ ಕಾಲಿನ ಕಡೆ ಹಳದಿ ಕರೆ ಕಂಡರು. ಕೇಳಿದರೆ ತಾತ, ಏನೂ ಇಲ್ಲ ಎಂದರು. ನೋವಿರಲಿಲ್ಲವಲ್ಲ, ಅವರ ಪಾಲಿಗೆ ನಿಜವಾಗಿ ಏನೂ ಇರಲಿಲ್ಲ. ನಾಲ್ಕನೆಯ ದಿನ ವಾಸನೆ ಬಂತು. ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದರು. ಏಳನೆಯ ದಿನ ಪಕ್ಕದೂರಿನಿಂದ ಬರುತ್ತಿದ್ದ ಕಾಂಪೌಂಡರ್ ಒಂದು ಇಂಜೆಕ್ಷನ್ ಚುಚ್ಚಿದರು. ಕಟ್ಟಿದ ಬಟ್ಟೆ ಬಿಚ್ಚಿ ನೋಡಲಿಲ್ಲ. ಹತ್ತನೆಯ ದಿನ ಜ್ವರ. ಹದಿಮೂರನೆಯ ದಿನ ಎರಡು ಬೆರಳು ಕಪ್ಪಾಗಿದ್ದವು. ಅವತ್ತು ಬಾಡಿಗೆ ಕಾರು ಮಾಡಿಕೊಂಡು ಆಸ್ಪತ್ರೆಗೆ ಓಡಿದರು. ಹದಿನೇಳನೆಯ ದಿನ ಮೊಣಕಾಲಿನ ಕೆಳಗೆ ಕತ್ತರಿಸಿದರು.

"ಗಾಯ ಎಲ್ಲಾಗಿತ್ತು ದೊಡ್ಡಮ್ಮ?"

"ಅಂಗಾಲ್ನಲ್ಲಿ. ಹೆಬ್ಬೆರಳ ಬುಡದಾಗೆ. ಆಸ್ಪತ್ರೆಯಿಂದ ನಾನು ಬಟ್ಟೆ ತಗೊಂಡೋಗಕ್ಕೆ ಮನೇಗೆ ಬಂದಿದ್ನಲ್ಲ, ಅವಾಗ ಅವ್ರ ಹವಾಯಿ ಚಪ್ಲಿ ತೊಳೆದಿಡಾಣ ಅಂತ ಎತ್ತಿದ್ರೆ, ಜಾಲಿಮುಳ್ಳು ಅಡಿಯಿಂದ ತೂರ್ಕೊಂಡು ಒಳಗಡೆ ಇಷ್ಟುದ್ದ ನಿಂತದೆ. ಅದನ್ನೇ ಮೆಟ್ಕೊಂಡು ತಿರುಗವ್ರೆ ಮಗಾ. ಎಷ್ಟು ದಿನದಿಂದ ತಿರುಗಿದ್ರೋ ಏನೋ."

ಆ ಮುಳ್ಳಿನ ಸಂಗತಿಯನ್ನು ಅವರು ಹತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ತಾನು ಮೊದಲೇ ಚಪ್ಪಲಿ ನೋಡಬೇಕಿತ್ತು ಎಂಬ ಕೊರಗು. ಕತ್ತರಿಸಿದ ಮೇಲೆ ತಾತ ಬದುಕಿದ್ದು 14 ತಿಂಗಳು.

ಆ 17 ದಿನಗಳಲ್ಲಿ ನಾನು ಎರಡು ಭಾನುವಾರ ಊರಿಗೆ ಹೋಗಿದ್ದೆ. ಹೋದಾಗಲೂ, ಹೊರಡುವಾಗಲೂ ತಾತನ ಪಾದ ಮುಟ್ಟಿ ನಮಸ್ಕಾರ ಮಾಡಿದ್ದೆ. ಮನೆಯಲ್ಲಿ ಎಲ್ಲರೂ ಹಾಗೆಯೇ, ಹಬ್ಬಕ್ಕೆ, ಪರೀಕ್ಷೆಗೆ, ಪ್ರಯಾಣಕ್ಕೆ ಆ ಪಾದಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡವರು. ಮುಟ್ಟಿದ್ದೆಲ್ಲ ಮೇಲುಭಾಗ. ವಾಸನೆ ಬರುವವರೆಗೆ ಅಂಗಾಲು ನೋಡಿದವರು ಒಬ್ಬರೂ ಇರಲಿಲ್ಲ. ಹಿರಿಯರ ಅಂಗಾಲು ಎತ್ತಿ ನೋಡುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಅವರು ಕಾಲು ನಮ್ಮ ಕಡೆ ಚಾಚಿ ಕೂರುವುದೂ ಇಲ್ಲ.

ನೋಟುಪುಸ್ತಕವನ್ನು ಡಾಕ್ಟರಿಗೆ ಓದಿ ಹೇಳಿದೆ. ಜಾಲಿಮುಳ್ಳು ಎಷ್ಟು ಉದ್ದ ಇರುತ್ತದೆ ಎಂದು ಕೇಳಿದರು, ಬೆರಳಿನಲ್ಲಿ ತೋರಿಸಿದೆ. ಸ್ವಲ್ಪ ಹೊತ್ತು ಬಿಟ್ಟು, "ನೀನು ದಿನಾ ಹಿಡಿಯುವ ಆ ನೈಲಾನ್ ಎಳೆ, ನಾವು ಕಾಲಿಗೆ ಹಾಕುವ ಪ್ಲಾಸ್ಟರು, ಇದರ ಹಿಂದಿನ ತಿಳಿವಳಿಕೆ ಬಂದದ್ದು ನಿಮ್ಮ ಕಡೆಯಿಂದಲೇ, ಗೊತ್ತಾ?" ಎಂದರು. ಪಾಲ್ ಬ್ರ್ಯಾಂಡ್ ಹೆಸರನ್ನು ನಾನು ಕೇಳಿದ್ದು ಅವತ್ತೇ. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗೆ ಹುಟ್ಟಿದ ಶಸ್ತ್ರವೈದ್ಯ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದವರು. ಕುಷ್ಠರೋಗದಲ್ಲಿ ಬೆರಳು, ಪಾದ ತಾವಾಗಿ ಕೊಳೆತು ಉದುರುತ್ತವೆ ಎಂದು ಜಗತ್ತೆಲ್ಲ ನಂಬಿದ್ದಾಗ ಅವರು ರೋಗಿಗಳ ಜೊತೆಗಿದ್ದು ನೋಡಿ ಹೇಳಿದರು: ಕೊಳೆಯುವುದು ರೋಗದಿಂದಲ್ಲ, ನೋವು ತಿಳಿಯದಿರುವುದರಿಂದ. ನೋವು ತಿಳಿಯದ ಕಾಲು ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಭಾರ ಹಾಕಿ ತನ್ನನ್ನೇ ಗಾಯ ಮಾಡಿಕೊಳ್ಳುತ್ತದೆ. ಭಾರ ಹಂಚಿದರೆ ಹುಣ್ಣು ಮಾಯುತ್ತದೆ. ಅದಕ್ಕಾಗಿಯೇ ಅವರ ಬಳಗ ಮೆತ್ತನೆಯ ಮೈಕ್ರೋಸೆಲ್ಯುಲಾರ್ ರಬ್ಬರಿನ ಚಪ್ಪಲಿ ಮಾಡಿಸಿತು. ಎಂ.ಸಿ.ಆರ್. ಚಪ್ಪಲಿ ಎಂದು ಇವತ್ತಿಗೂ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕುಷ್ಠರೋಗಿಗಳಿಗೆ ಕೊಡುವುದು ಅದನ್ನೇ. 1966ರಲ್ಲಿ ಬ್ರ್ಯಾಂಡ್ ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಆಸ್ಪತ್ರೆಗೆ ಬಂದರು. ವೆಲ್ಲೂರಿನಲ್ಲಿ ಕಲಿತದ್ದೇ ಸಕ್ಕರೆ ಕಾಯಿಲೆಯ ಕಾಲಿಗೂ ಅನ್ವಯಿಸುತ್ತದೆ ಎಂದು ಇಲ್ಲಿ ತೋರಿಸಿಕೊಟ್ಟರು. ಭಾರ ಹಂಚುವ ಪ್ಲಾಸ್ಟರ್ ಈ ದೇಶದಲ್ಲಿ ಬೇರೂರಿದ್ದು ಅವರಿಂದ.

ಅರಸೀಕೆರೆಗೂ ವೆಲ್ಲೂರಿಗೂ ರಾತ್ರಿ ಬಸ್ಸಿನ ದೂರ. ತಾತನಿಗೆ ಮುಳ್ಳು ಚುಚ್ಚುವ ಐವತ್ತು ವರ್ಷ ಮೊದಲೇ ಅಲ್ಲಿ ಈ ಉತ್ತರ ಸಿದ್ಧವಾಗಿತ್ತು. ಎಂ.ಡಿ. ಸೀಟಿನ ಆಸೆ ನನ್ನೊಳಗಿಂದ ಹೋದದ್ದು ಆ ಮಧ್ಯಾಹ್ನ.

ಇನ್ನು ಅಂಕದ ಮಾತು. ಮನಸ್ಸು ಬದಲಾದ ಮಾತ್ರಕ್ಕೆ 485 ಬದಲಾಗುವುದಿಲ್ಲ. ಕಮ್ಯೂನಿಟಿ ಕಾಲೇಜಿನಲ್ಲಿ ಸಂಜೆ ತರಗತಿಗೆ ಸೇರಿ ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ಮೊದಲಿನಿಂದ ಓದಿದೆ, 'ಬಿ ಪ್ಲಸ್' ಬಂತು. ಬಯೋಕೆಮಿಸ್ಟ್ರಿಯಲ್ಲಿ 'ಎ'. ಈ ಸಲ ಪ್ರತಿ ವಾರ ಪ್ರೊಫೆಸರರ ಬಾಗಿಲು ತಟ್ಟಿದೆ. ಹಳೆಯ 'ಡಿ' ಅಂಕಪಟ್ಟಿಯಿಂದ ಅಳಿಸಿಹೋಗುವುದಿಲ್ಲ. ಅದರ ಕೆಳಗೆ ಹೊಸದು ಕೂರುತ್ತದೆ, ಅಷ್ಟೆ. ಎಂಕ್ಯಾಟಿನ ಓದುವ ಭಾಗಕ್ಕೆ ಬೇರೆಯದೇ ದಾರಿ ಹುಡುಕಿಕೊಂಡೆ. ಅಲ್ಲಿಯವರೆಗೆ ಒಂದೊಂದು ವಾಕ್ಯವನ್ನೂ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸುತ್ತಿದ್ದೆ, ಸಮಯ ಸೋರಿಹೋಗುತ್ತಿತ್ತು. ಕನ್ನಡ ಬಿಟ್ಟು ಇಂಗ್ಲಿಷಿನಲ್ಲೇ ಯೋಚಿಸು ಎಂದು ಎಲ್ಲರೂ ಹೇಳಿದರು. ಅದು ಆಗಲಿಲ್ಲ. ಕೊನೆಗೆ ಇಡೀ ಪ್ಯಾರಾ ಇಂಗ್ಲಿಷಿನಲ್ಲಿ ಓದಿ, "ಇವನು ಏನು ಹೇಳ್ತಾ ಇದಾನೆ?" ಎಂದು ನನ್ನನ್ನೇ ಕೇಳಿಕೊಂಡು ಒಂದೇ ಒಂದು ಕನ್ನಡ ವಾಕ್ಯದಲ್ಲಿ ಉತ್ತರ ಹೇಳಿಕೊಳ್ಳುವುದನ್ನು ರೂಢಿ ಮಾಡಿದೆ. ಆರು ತಿಂಗಳು, ದಿನಾ ನಾಲ್ಕು ಗದ್ಯಭಾಗ. 2017ರಲ್ಲಿ ಮತ್ತೆ ಬರೆದಾಗ ಆ ಭಾಗದಲ್ಲಿ 122 ಬಂತು, ಒಟ್ಟು 492. ಪೊಡಯಾಟ್ರಿಗೆ ಸೇರುವವರ ಸರಾಸರಿಗಿಂತ ಅದೂ ಸ್ವಲ್ಪ ಕಡಿಮೆಯೇ.

ಅರ್ಜಿಗಳು ತೆರೆದ ಮೊದಲ ವಾರದಲ್ಲೇ ಹಾಕಿದೆ. ಕಡಿಮೆ ಅಂಕದವರು ತಡ ಮಾಡಬಾರದು, ಸೀಟುಗಳು ಬಂದವರಿಗೆ ಬಂದಹಾಗೆ ತುಂಬುತ್ತ ಹೋಗುತ್ತವೆ. ಪ್ರಬಂಧದಲ್ಲಿ ಬಿಸಿಲೂ ಇರಲಿಲ್ಲ, ತೋಟವೂ ಇರಲಿಲ್ಲ. 17 ದಿನ ಇದ್ದವು, ದಿನಕ್ಕೆ ಒಂದು ಸಾಲು. ಬಸ್ ಡ್ರೈವರರ ಶೂ ಇತ್ತು. ಅಂಕದ ಬಗ್ಗೆ ಬರೆಯಲು ಬೇರೆ ಜಾಗವಿತ್ತು, ಅಲ್ಲಿ ಮೂರೇ ವಾಕ್ಯ: ನಾಲ್ಕು ವರ್ಷ ವಾರಕ್ಕೆ 40 ಗಂಟೆ ರಾತ್ರಿ ಪಾಳಿ ಮಾಡಿದೆ. ಸಹಾಯ ಕೇಳಬೇಕಾದಾಗ ಕೇಳಲಿಲ್ಲ. ಕೇಳಲು ಕಲಿತ ಮೇಲೆ ಅದೇ ವಿಷಯಗಳಲ್ಲಿ ಬಂದ ಅಂಕ ಇದು.

ಸಂದರ್ಶನದಲ್ಲಿ ಎರಡನೆಯ ವಾಕ್ಯದ ಮೇಲೆಯೇ ಪ್ರಶ್ನೆ ಬಂತು. "ಸಂಕೋಚ ಈಗ ಇಲ್ಲವೇ?" ಇದೆ ಎಂದೆ. ಇದ್ದರೂ ಹೋಗಿ ಕೇಳುತ್ತೇನೆ ಎಂದೆ. ಎಂ.ಡಿ. ಸೀಟಿನ ಪ್ರಶ್ನೆ ಅವರು ಕೇಳಲೇ ಇಲ್ಲ. ಡಿಸೆಂಬರಿನಲ್ಲಿ, ಕ್ಲಿನಿಕ್ಕಿನ ಊಟದ ಹೊತ್ತಿನಲ್ಲಿ ಸೀಟು ಸಿಕ್ಕಿತೆಂಬ ಸುದ್ದಿ ಬಂತು. ಡಾಕ್ಟರ್ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡು, "ಸರಿ, ಒಂದು ಗಂಟೆಯ ರೋಗಿ ಬಂದಿದ್ದಾರೆ, ಶೂ ಬಿಚ್ಚು" ಎಂದರು. ರಾತ್ರಿ ಅಪ್ಪನಿಗೆ ಪ್ರಬಂಧವನ್ನು ಕನ್ನಡದಲ್ಲಿ ಹೇಳಿದೆ. ತನ್ನ ತಂದೆಗೆ ಏನಾಗಿತ್ತು ಎಂದು ಅವರಿಗೂ ಪೂರ್ತಿ ಗೊತ್ತಾದದ್ದು ಆಗಲೇ.

2018ರ ಆಗಸ್ಟಿನಲ್ಲಿ ಸೇರಿದೆ. ಸೀಟು ಸಿಗುವುದು ಸುಲಭ ಎನ್ನುವವರು ಇದರ ಮುಂದಿನದನ್ನು ಹೇಳುವುದಿಲ್ಲ. ಅನಾಟಮಿ, ಫಿಸಿಯಾಲಜಿ, ಫಾರ್ಮಕಾಲಜಿ ಯಾವುದರಲ್ಲೂ ರಿಯಾಯಿತಿಯಿಲ್ಲ. ಮೇಲಿಂದ ಕಾಲಿನ ಅನಾಟಮಿ ಪ್ರತ್ಯೇಕ: ಒಂದು ಪಾದದಲ್ಲಿ 26 ಮೂಳೆ, 33 ಕೀಲು, ಅವುಗಳ ಒಂದೊಂದು ಅಂಚಿಗೂ ಹೆಸರು. ಮೊದಲ ಬಯೋಕೆಮಿಸ್ಟ್ರಿ ಪರೀಕ್ಷೆಯಲ್ಲಿ ನಾನು ಪಾಸಾಗಲಿಲ್ಲ. ಅವತ್ತು ಸಂಜೆಯೇ ಮೇಲಿನ ತರಗತಿಯ ಹುಡುಗಿಯೊಬ್ಬಳನ್ನು ಹಿಡಿದು ಪಾಠ ಹೇಳಿಸಿಕೊಂಡೆ. ವರ್ಷಕ್ಕೆ ಶುಲ್ಕವೇ 40 ಸಾವಿರ ಡಾಲರಿನ ಹತ್ತಿರ, ಅದೂ ಸಾಲ. ನನ್ನ ಜೊತೆ ಸೇರಿದವರಲ್ಲಿ ಕೆಲವರು ಮೊದಲ ವರ್ಷವೇ ಬಿಟ್ಟು ಹೋದರು. ಅವರೂ ಕಡಿಮೆ ಅಂಕದವರು, ಒಳ್ಳೆಯವರು. ಹೊತ್ತ ಸಾಲ ಮಾತ್ರ ಅವರ ಜೊತೆಗೇ ಹೋಯಿತು. 2022ರಲ್ಲಿ ಪದವಿ, 2025ರಲ್ಲಿ ರೆಸಿಡೆನ್ಸಿ ಮುಗಿಯಿತು. ಪದವಿಯ ದಿನ ಅತ್ತೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಈಗ ಅವರ ಕಾಲಿನ ಆಣಿ ತೆಗೆಯುವವಳು ನಾನೇ.

ಹಾಗಾಗಿ ಫೋನ್ ಮಾಡುವ ತಮ್ಮ ತಂಗಿಯರಿಗೆ ನಾನು ಅಂಕ ಎಷ್ಟು ಎಂದು ಮೊದಲು ಕೇಳುವುದಿಲ್ಲ. ಎಷ್ಟು ದಿನ ಪೊಡಯಾಟ್ರಿ ಕ್ಲಿನಿಕ್ಕಿನಲ್ಲಿ ನಿಂತಿದ್ದೀಯ ಎಂದು ಕೇಳುತ್ತೇನೆ. ಕೆಟ್ಟ ಅಂಕದ ವಿಷಯವನ್ನು ಮತ್ತೆ ಓದಿದೆಯಾ ಎಂದು ಕೇಳುತ್ತೇನೆ. ಹೆಸರಿನ ಹಿಂದೆ ಡಾಕ್ಟರ್ ಬರಲಿ ಎಂದಷ್ಟೇ ಇದ್ದರೆ ಬೇಡ ಎಂದು ಕಡ್ಡಿ ಮುರಿದ ಹಾಗೆ ಹೇಳುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಇಬ್ಬರು ಈಗ ಓದುತ್ತಿದ್ದಾರೆ.

ಊರಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಸೀಟಿನ ಮಾತು ಬೇಕಿಲ್ಲದಿರಬಹುದು. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಐ.ಸಿ.ಎಂ.ಆರ್. ಬೆಂಬಲದ ಅಧ್ಯಯನ 2023ರಲ್ಲಿ ಹೇಳಿದೆ. ಅವರಲ್ಲಿ ಒಬ್ಬರು ನಿಮ್ಮ ಮನೆಯಲ್ಲೂ ಇರಬಹುದು. ಇವತ್ತು ರಾತ್ರಿ ಊಟವಾದ ಮೇಲೆ ಅವರನ್ನು ಕೂರಿಸಿ, ಬೇಡ ಬೇಡ ಎಂದರೂ ಬಿಡದೆ ಕಾಲನ್ನು ನಿಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಳ್ಳಿ. ಬೆರಳ ಸಂದುಗಳನ್ನು ಬಿಡಿಸಿ ನೋಡಿ. ಅಂಗಾಲನ್ನು ದೀಪಕ್ಕೆ ಹಿಡಿದು ನೋಡಿ. ಆಮೇಲೆ ಬಾಗಿಲ ಬಳಿ ಹೋಗಿ ಅವರ ಚಪ್ಪಲಿಯ ಒಳಗೊಮ್ಮೆ ಕೈಯಾಡಿಸಿ.